ಆರು ರೊಟ್ಟಿಗೆ ಒಂದು ರೊಟ್ಟಿ

ಇದನ್ನು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ... ಅದಕ್ಕೇ ಟೈಪ್ ಮಾಡಿ ಕಳಿಸುತ್ತಿದ್ದೇನೆ. ಪುರುಸೊತ್ತು ಇದ್ದರೆ ಕೊನೆಯವರೆಗೂ ಓದಿ.

ವಿಜಯಪುರದ ಕಡೆಯ ಒಂದು ಊರಿನಲ್ಲಿ ಖಡಕ್ ರೊಟ್ಟಿ ಮಾರುವ ಅಂಗಡಿ ಇದೆ. ಅದರ ಹಿಂದಿನ ಕೋಣೆಯಲ್ಲಿ ನಾವು ಏಳು ಜನ ಹೆಂಗಸರು ಜೋಳದ ರೊಟ್ಟಿ ಬಡಿಯುತ್ತೇವೆ.

ನೂರು ರೊಟ್ಟಿ ಬಡಿದರೆ ತೊಂಬತ್ತು ರೂಪಾಯಿ ಕೂಲಿ.

ಏಳು ವರ್ಷದ ಹಿಂದೆ ಒಂದು ರೊಟ್ಟಿಯ ಬೆಲೆ ಐದು ರೂಪಾಯಿ ಇದ್ದಾಗಲೂ ತೊಂಬತ್ತೇ... ಅದು ಎಂಟು ರೂಪಾಯಿ ಆದ ಮೇಲೂ ತೊಂಬತ್ತೇ.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು ಶಾವಂತ್ರವ್ವ ಆಯಿ. ದಿನಕ್ಕೆ ಇನ್ನೂರು ರೊಟ್ಟಿ ಬಡಿಯುವ ಕೈ. ಒಂದರ ಅಂಚೂ ಸೀಳಿರುವುದಿಲ್ಲ.

ಆದರೆ ಈಚೆಗೆ ಸಂಜೆಯಾದರೆ ಅವಳಿಗೆ ಭುಜ ಎತ್ತಲು ಬರುತ್ತಿರಲಿಲ್ಲ. ಸೋಮವಾರದಿಂದ ಅವಳ ಒಲೆಯ ಮುಂದೆ ಮೊಮ್ಮಗಳು ಭಾಗ್ಯಶ್ರೀ ಕೂರುವುದು ಅಂತ ಮಾತಾಗಿತ್ತು.

ಆಯಿಗೆ ಒಂದೇ ಹಟ... ಮೊಮ್ಮಗಳು ಈ ತೊಂಬತ್ತಕ್ಕೆ ಕೂರಬಾರದು.

ಶನಿವಾರ ಬೆಳಿಗ್ಗೆ ಆಯಿ ಅಂಗಡಿಯ ಮಾಲಕಿ ವಿಮಲಕ್ಕನ ಮುಂದೆ ಹೋಗಿ ನಿಂತಳು.

"ಅಕ್ಕಾರ, ಕೂಲಿ ಸ್ವಲ್ಪ ಏರಸ್ರಿ."

"ಹೆಂಗ ಏರಸ್ಲಿ ಆಯಿ? ಜ್ವಾಳ ತುಟ್ಟಿ, ಗ್ಯಾಸ್ ತುಟ್ಟಿ, ಅಂಗಡಿ ಬಾಡಿಗಿ ತುಟ್ಟಿ..."

"ನಮ್ಮ ಮನ್ಯಾಗೂ ಅದ ಜ್ವಾಳ, ಅದ ಗ್ಯಾಸ್ ಅದರಿ. ನಮ್ಮ ಮಾರಿ ನೋಡಿ ಸೋವಿ ಕೊಡ್ತಾರೇನು?"

ನಾವೆಲ್ಲ ತಲೆ ತಗ್ಗಿಸಿ ನಕ್ಕೆವು. ವಿಮಲಕ್ಕನೂ ನಕ್ಕಳು... ಆದರೆ ಆಗುವುದಿಲ್ಲ ಅಂತ ಕೈಯಾಡಿಸಿದಳು.

ಆಯಿ ಅಲ್ಲಿಂದ ಕದಲಲಿಲ್ಲ.

"ಹಂಗಾರ ರೊಕ್ಕ ಬ್ಯಾಡ. ನಮ್ಮತ್ತಿ ಮಂದಿ ಮದವ್ಯಾಗ ರೊಟ್ಟಿ ಬಡ್ಯಾಕ ಹೋಗ್ತಿದ್ಲು. ನಾಕ ಬಡದ್ರ ಅದ್ರಾಗ ಒಂದು ಅಕಿದು. ಇವತ್ತೊಂದಿನ ನನಗ ಹಂಗ ಕೊಡ್ರಿ."

"ಇಷ್ಟ ಹೌದಿಲ್ಲೋ? ಕಟ್ಕೊಂಡ್ ಹೋಗ ಆಯಿ, ರೊಟ್ಟಿಗೇನ್ ಬರ!"

ನಮ್ಮ ಕಡೆ ರೊಟ್ಟಿಯನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ. ಮನೆಗೆ ಬಂದವರನ್ನು ಎಷ್ಟು ತಿಂದಿರಿ ಅಂತ ಕೇಳುವುದೇ ಮರ್ಯಾದೆಯಲ್ಲ. ರೊಟ್ಟಿ ಮಾರಿಯೇ ಬದುಕುವ ವಿಮಲಕ್ಕನ ಬಾಯಿಂದಲೂ ಆ ಮಾತು ಹಾಗೇ ಬಂದುಬಿಟ್ಟಿತು...

ಸಂಜೆ ಆಯಿ ತನ್ನ ಇನ್ನೂರು ರೊಟ್ಟಿ ಮುಂದಿಟ್ಟುಕೊಂಡು ಕುಳಿತಳು. ಮೂರು ಅಂಗಡಿಯ ಬುಟ್ಟಿಗೆ... ಒಂದು ತನ್ನ ಅರಿವೆಯ ಮೇಲೆ. ಮೂರು ಬುಟ್ಟಿಗೆ... ಒಂದು ಅರಿವೆಯ ಮೇಲೆ.

ಕೊನೆಗೆ ಅರಿವೆಯ ಮೇಲೆ ಐವತ್ತು ರೊಟ್ಟಿ ಆದವು.

ವಿಮಲಕ್ಕ ಗಲ್ಲಾ ಬಿಟ್ಟು ಎದ್ದು ಬಂದಳು. "ಐವತ್ತ! ನಾಕ್ ನೂರು ರೂಪಾಯಿ ಮಾಲು ಆತಲ್ಲ ಆಯಿ! ನನ್ನ ಅಂಗಡಿ ಮುಚ್ಚಸ್ತೀಯೇನ?"

ಆಯಿ ಜಗಳಕ್ಕೆ ನಿಲ್ಲಲಿಲ್ಲ. ಒಂದು ರೊಟ್ಟಿ ಕೈಯಲ್ಲಿ ಹಿಡಿದು ಮೆಲ್ಲಗೆ ಹೇಳಿದಳು.

"ನಮ್ಮತ್ತಿ ನಾಕ ಬಡದು ಒಂದ್ ರೊಟ್ಟಿ ತಿಂತಿದ್ಲು. ನೀವ್ ಕೊಡೋ ಕೂಲ್ಯಾಗ ಇದ ಅಂಗಡ್ಯಾಗಿನ ಒಂದ್ ರೊಟ್ಟಿ ನಾ ಕೊಂಡ್ ತಿನ್ಬೇಕಂದ್ರ ಒಂಬತ್ತು ಬಡೀಬೇಕ್ರಿ... ನಾಳೆ ರೇಟ್ ಏರಿದ್ರ ನನ್ನ ಮೊಮ್ಮಗಳು ಎಷ್ಟ ಬಡೀಬೇಕು? ಹನ್ನೆರಡ? ಹದಿನೈದ?"



ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಆದರೂ ಭಾಗಾಕಾರ ಬರುತ್ತದೆ. ಒಂದು ರೊಟ್ಟಿ ಬಡಿದರೆ ತೊಂಬತ್ತು ಪೈಸೆ, ಒಂಬತ್ತು ಬಡಿದರೆ ಎಂಟು ರೂಪಾಯಿ ಚಿಲ್ಲರೆ. ಮೂರು ವರ್ಷ ಅದೇ ಕೂಲಿ ಎಣಿಸಿಕೊಂಡು ಮನೆಗೆ ಹೋಗಿದ್ದೇನೆ. ಈ ಲೆಕ್ಕ ಒಂದು ದಿನವೂ ಹೊಳೆದಿರಲಿಲ್ಲ.

ಸಹಿ ಹಾಕಲೂ ಬಾರದ ಆಯಿ, ಅತ್ತೆಯಿಂದ ಮೊಮ್ಮಗಳವರೆಗಿನ ಲೆಕ್ಕವನ್ನು ಬರೀ ರೊಟ್ಟಿಯಲ್ಲಿ ಮಾಡಿ ಮುಂದಿಟ್ಟಿದ್ದಳು.

ಆಮೇಲೆ ಅವಳು ಮಾಡಿದ್ದನ್ನು ನಾವು ಯಾರೂ ಎಣಿಸಿರಲಿಲ್ಲ.

ಐವತ್ತೂ ರೊಟ್ಟಿಯನ್ನು ಗಂಟು ಕಟ್ಟಿ ವಿಮಲಕ್ಕನ ಕಡೆ ಸರಿಸಿದಳು.

"ತಗೋರಿ ಅಕ್ಕಾರ. ನಿಮ್ಮನ್ನ ಮುಳಗಸಾಕ ಬಂದಿಲ್ಲ ನಾ. ನಂದು ಇವತ್ತಿಗೆ ಮುಗೀತು. ಬರೋ ಹುಡಗೀದು ಅಷ್ಟ ನೋಡ್ರಿ..."

ವಿಮಲಕ್ಕ ಆ ಗಂಟನ್ನೇ ನೋಡುತ್ತ ನಿಂತಳು. ನೋಡನೋಡುತ್ತ ಅವಳ ಕಣ್ಣು ತುಂಬಿಬಂತು.

"ನಮ್ಮವ್ವನೂ ಮಂದಿ ಮನ್ಯಾಗ ರೊಟ್ಟಿ ಬಡದ ನನ್ನ ಬೆಳಸ್ಯಾಳ ಆಯಿ... ಅಕಿ ಹಿಂಗ ಒಂದಿನಾನೂ ಕೇಳಲಿಲ್ಲ."

ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಏನೇನೋ ಬರೆದು ಕೂಡಿ ಕಳೆದು, ಬಹಳ ಹೊತ್ತಿನ ಮೇಲೆ ತಲೆ ಎತ್ತಿದಳು.

"ನಾಕಕ್ಕ ಒಂದು ನನ್ನ ಕೈಲೆ ಆಗಂಗಿಲ್ಲ. ಆರಕ್ಕ ಒಂದು ಕೊಡ್ತೀನಿ. ಆವತ್ತು ರೊಟ್ಟಿ ರೇಟ್ ಏನದನೋ ಆ ಲೆಕ್ಕದಾಗ ರೊಕ್ಕ. ಎಲ್ಲಾರಿಗೂ."

"ರೇಟ್ ಏರಿದ್ರ?" ಆಯಿ ಬಿಡಲಿಲ್ಲ.

"ನಿಮ್ದೂ ಏರ್ತದ."

"ಇಳದ್ರ?"

ವಿಮಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. "ನಿನ್ನ ಜನ್ಮದಾಗ ಏನರ ಇಳದದ್ದು ನೋಡೀಯೇನ ಆಯಿ?"

ಸೋಮವಾರ ಭಾಗ್ಯಶ್ರೀ ಬಂದು ಒಲೆಯ ಮುಂದೆ ಕುಳಿತಳು. ದಿನವಿಡೀ ಬಡಿದರೂ ಆಗಿದ್ದು ಅರವತ್ತು. ಆಯಿ ಬಾಗಿಲಲ್ಲಿ ನಿಂತು, "ಏನ ಇವು, ಇಲಿ ಕಡದಂಗ ಅದಾವಲ್ಲ!" ಅಂತ ಬೈದಳು.

ಅರವತ್ತಕ್ಕೆ ಹತ್ತು ರೊಟ್ಟಿಯ ಬೆಲೆ, ಎಂಬತ್ತು ರೂಪಾಯಿ. ಹಳೇ ಕೂಲಿಯಲ್ಲಾದರೆ ಐವತ್ನಾಲ್ಕು.

ಮೊಮ್ಮಗಳ ಕೈಯಲ್ಲಿನ ಆ ನೋಟುಗಳನ್ನು ನೋಡಿದ ಆಯಿ ಬೈಯುವುದನ್ನು ಬಿಟ್ಟು, ಅವಳ ತಲೆ ಸವರಿ ಕರೆದುಕೊಂಡು ಹೋದಳು.

ದಸರಾ ಆದ ಮೇಲೆ ಒಂದು ದಿನ ವಿಮಲಕ್ಕ ಬೋರ್ಡಿನ ಮೇಲಿದ್ದ ಎಂಟನ್ನು ಅಳಿಸಿ ಒಂಬತ್ತು ಅಂತ ಬರೆದಳು.

ರೊಟ್ಟಿ ಬಡಿಯುವ ಏಳೂ ಜನರ ಕೈಗಳು ಒಂದು ಕ್ಷಣ ನಿಂತವು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು... ಎಲ್ಲರೂ ಒಟ್ಟಿಗೇ ನಕ್ಕುಬಿಟ್ಟೆವು.

ಬೆಲೆ ಏರಿತು ಅಂತ ನಾವು ನಕ್ಕಿದ್ದು ಹುಟ್ಟಿದಾಗಿನಿಂದ ಅದೇ ಮೊದಲು.

ಕೂಲಿ ಎಷ್ಟು ರೂಪಾಯಿ ಅನ್ನುವುದಲ್ಲ... ಆ ಕೂಲಿಗೆ ಎಷ್ಟು ರೊಟ್ಟಿ ಬರುತ್ತದೆ ಅನ್ನುವುದೇ ನಿಜವಾದ ಲೆಕ್ಕ.

ನಿಮ್ಮ ಮನೆಗೋ ಅಂಗಡಿಗೋ ದುಡಿಯಲು ಬರುವವರ ಕೂಲಿ ಕೊನೆಯ ಸಲ ಏರಿದ್ದು ಯಾವಾಗ... ನಿಮಗೆ ನೆನಪಿದೆಯಾ?