ಮಡಿಲಲ್ಲಿಟ್ಟ ಕನ್ನಡಕ

ಅಪ್ಪನ ಕೈ ಮೇಲೆದ್ದಿತ್ತು. ನಾಳೆ ಗಿರಣಿಯ ಗೇಟಿನ ಮುಂದೆ ಧರಣಿ. ಏಟು ಬಿದ್ದರೂ ತಿರುಗಿ ಕೈಯೆತ್ತದೆ ಕೂರುವುದು ಹೇಗೆಂದು ಯೂನಿಯನ್ ಕೋಣೆಯಲ್ಲಿ ತಾಲೀಮು ನಡೆದಿತ್ತು. ಪೊಲೀಸನ ಪಾತ್ರದಲ್ಲಿ ನಿಂತವನು ಅಪ್ಪ. ಎದುರಿಗೆ ನೆಲದ ಮೇಲೆ, ಅದೇ ಗಿರಣಿಯಲ್ಲಿ ದುಡಿಯುವ ಮಗಳು.

"ಹೊಡೆಯೋ ಥರ ಮಾಡಣ್ಣ ಸಾಕು, ನಿಜವಾಗ್ಲೂ ಬಾರಿಸಿಬಿಟ್ಟೀಯ!" ಯಾರೋ ನಕ್ಕರು.

ಅವಳಿಗಿಂತ ಮೊದಲು ಕೂತವರೆಲ್ಲ ಬೆಚ್ಚಿ ಕೈ ಅಡ್ಡ ಹಿಡಿದಿದ್ದರು. ಮಗಳು ಮಾತ್ರ ಮೆಲ್ಲಗೆ ಕನ್ನಡಕ ತೆಗೆದು, ಮಡಚಿ ಮಡಿಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ ಕಾದಳು.

"ಭೇಷ್! ಕನ್ನಡಕ ತೆಗೀಬೇಕು ಅಂತ ನಾನೇ ಹೇಳೋಕೆ ಮರ್ತಿದ್ದೆ," ಎಂದರು ತಾಲೀಮು ಕೊಡುತ್ತಿದ್ದ ಮೇಡಂ. "ಯಾರಮ್ಮ ಹೇಳಿಕೊಟ್ಟಿದ್ದು?"

"ಚಿಕ್ಕಂದಿನಿಂದ ರೂಢಿ, ಮೇಡಂ."

ಎತ್ತಿದ ಕೈಯನ್ನು ಇಳಿಸಿ ಎಲ್ಲಿಡುವುದೆಂದು ಅಪ್ಪನಿಗೆ ತೋಚಲಿಲ್ಲ.