ಒಪ್ಪಿಗೆಯಾದ ಉಸಿರು

ನಮ್ಮೂರಲ್ಲಿ ಹೆಚ್ಚಿನವರ ಎದೆಯೊಳಗಿರುವುದು ಯಂತ್ರದ ಶ್ವಾಸಕೋಶ. ಅದನ್ನು ನಡೆಸುವ ಕೋಡ್ ಯಾವ ಕಂಪನಿಯ ಸ್ವತ್ತೂ ಅಲ್ಲ, ಊರಿನದು. ಯಾರು ಬೇಕಾದರೂ ತಿದ್ದಬಹುದು. ಆದರೆ ತಿದ್ದಿದ್ದನ್ನು ಇನ್ನೊಬ್ಬರು ಭಾನುವಾರ ಸಮುದಾಯ ಭವನದಲ್ಲಿ, ಎಲ್ಲರೆದುರು ಓದಿ ಒಪ್ಪಬೇಕು. ಒಪ್ಪಿದ ಕೂಡಲೇ ಅದು ನಮ್ಮ ಎದೆಗಿಳಿಯುತ್ತದೆ.

ಈ ವಾರ ತಿದ್ದಿದವನು ಕಂಪನಿಯೊಂದರ ಶ್ರೀವತ್ಸ. ಓದಬೇಕಾದವಳು ಅದೇ ಕಂಪನಿಯ ನಿಶ್ಚಿತಾ. ಇಬ್ಬರೂ ಒಂದೇ ಕಾರಿನಲ್ಲಿ ಬಂದಿಳಿದರು. ಅವನು ಪರದೆಯ ಮೇಲೆ ಕೋಡ್ ತೆರೆಯುವ ಮೊದಲೇ ಅವಳು ಮೈಕಿನಲ್ಲಿ, “ನಾನು ಹೇಳಿದ ತಪ್ಪೆಲ್ಲ ಸರಿಯಾಗಿದೆ, ಚೆನ್ನಾಗಿದೆ” ಎಂದಳು.

ನಾನು ಎದ್ದು ನಿಂತೆ. “ಯಾವ ತಪ್ಪಮ್ಮ? ನಾವಿನ್ನೂ ಕೋಡೇ ನೋಡಿಲ್ಲ.”

“ಅದೆಲ್ಲ ಆಫೀಸಲ್ಲೇ ಮಾತಾಡ್ಕೊಂಡ್ವಿ ಆಂಟಿ.”

“ಮೆಟ್ಟಿಲು ಹತ್ತೋವಾಗ ಉಸಿರು ಕಟ್ಟುತ್ತೆ ಅಂತ ಹೋದ ವಾರ ಹೇಳಿದ್ನಲ್ಲ, ಅದು?”

“ಅದನ್ನೂ ಮಾತಾಡಿದ್ವಿ. ಸದ್ಯಕ್ಕೆ ಬೇಡ ಅಂತಾಯ್ತು.”

“ಮತ್ತೆ ಇಲ್ಲಿಗ್ಯಾಕೆ ಬಂದ್ರಿ?”

ಶ್ರೀವತ್ಸ ನಕ್ಕ. “ರಿವ್ಯೂ ಎಲ್ಲರೆದುರಿಗೇ ಆಗ್ಬೇಕಲ್ಲ ಆಂಟಿ, ರೂಲು.”

ನಿಶ್ಚಿತಾ ಒಪ್ಪಿಗೆಯ ಗುಂಡಿ ಒತ್ತಿದಳು. ಹೊಸ ಕೋಡ್ ಎದೆಗಿಳಿಯುವಷ್ಟು ಹೊತ್ತು ಭವನದಲ್ಲಿದ್ದ ನಮ್ಮೆಲ್ಲರ ಉಸಿರು ಒಮ್ಮೆಲೇ ನಿಂತಿತು. ಅವರಿಬ್ಬರದು ಮಾತ್ರ ಹುಟ್ಟಿನಿಂದ ಬಂದ ಶ್ವಾಸಕೋಶ. ಆ ಮೌನದಲ್ಲಿ, ಬಿರಿಯಾನಿಗೆ ಎಲ್ಲಿಗೆ ಹೋಗೋಣ ಎಂದು ಅವರು ಆಡಿಕೊಂಡ ಮಾತು ಎಲ್ಲರಿಗೂ ಕೇಳಿಸಿತು. ಆಮೇಲೆ ಉಸಿರು ಮರಳಿತು.

ಶ್ರೀವತ್ಸನ ಹೊಳೆಯುವ ಬೂಟಿನ ಮೇಲೆ ಉಗಿಯಬೇಕೆನಿಸಿತು. ಬಾಯಿ ತುಂಬ ಎಂಜಲು ಬಂತು, ಎದೆ ತುಂಬ ಗಾಳಿ ಎಳೆದುಕೊಂಡೆ. ಉಗಿಯುವುದಕ್ಕೂ ಅವರು ಒಪ್ಪಿದ ಉಸಿರೇ ಬೇಕಿತ್ತು.