ಎರಡನೇ ಚಾನೆಲ್

"ಎರಡು ಮೈಕ್ ಬೇಕು. ಒಂದು ನನಗೆ, ಇನ್ನೊಂದು ನನ್ನ ಶತ್ರುವಿಗೆ."

ಸೌಂಡ್ ಸಾಮಾನಿನ ಅಂಗಡಿಯವನು ನಕ್ಕ. ಅವಳು ನಗಲಿಲ್ಲ. ಅವನ ನಗು ಅಲ್ಲಿಗೇ ನಿಂತಿತು.

"ಮೈಕ್ ಸಿಕ್ಕಿಸೋಕೆ ಮೊದಲನೇ ಮಿಕ್ಸರ್ ಅಂದ್ರೆ ಇದು ಸಾಕು ಮೇಡಂ," ಎಂದು ಅಂಗೈಯಗಲದ ಒಂದನ್ನು ಮುಂದಿಟ್ಟ. "ಮನೇಲಿ ಒಬ್ಬರೇ ಹಾಡೋದಲ್ವಾ?"

"ಇದಕ್ಕೆ ಎರಡು ಮೈಕ್ ಹಾಕಿದ್ರೆ?"

"ಎರಡೂ ಸೇರಿ ಒಂದಾಗಿ ಕಂಪ್ಯೂಟರಿಗೆ ಹೋಗುತ್ತೆ. ಆಮೇಲೆ ಬೇರೆ ಮಾಡೋಕಾಗಲ್ಲ."

"ಹಾಗಾದ್ರೆ ತೆಗೆದಿಡಿ. ನನ್ನ ದನಿ ಒಂದು ಕಡೆ, ಆ ಮುದುಕನ ಗಲಾಟೆ ಒಂದು ಕಡೆ ಬರಬೇಕು. ಅದು ಸಾಕ್ಷಿ. ಕಲಬೆರಕೆ ಆಗಬಾರದು."

ಮುದುಕ ಎಂದರೆ ಕೆಳಮನೆಯ ಬಾಡಿಗೆದಾರ. ಅವಳಿಟ್ಟ ಹೆಸರು ಪೊರಕೆ ತಾತ. ಅವಳು ಹಾಡಲು ಬಾಯಿ ತೆರೆದರೆ ಸಾಕು, ಧೂಳು ಹೊಡೆಯುವ ಉದ್ದ ಪೊರಕೆಯ ಕೋಲಿನಿಂದ ತನ್ನ ಸೀಲಿಂಗಿಗೆ, ಎಂದರೆ ಅವಳ ನೆಲಕ್ಕೆ, ಧಬ್ ಧಬ್ ಎಂದು ಗುದ್ದುತ್ತಿದ್ದ. ಎಂಟು ತಿಂಗಳಾಗಿತ್ತು. ಪಕ್ಕದ ಮನೆಯಲ್ಲಿ ವಾರವಿಡೀ ಟೈಲ್ಸ್ ಒಡೆದಾಗ ಪೊರಕೆ ಎದ್ದಿರಲಿಲ್ಲ. ಕಟ್ಟಡದ ಮಕ್ಕಳೆಲ್ಲ ಮೆಟ್ಟಿಲ ಮೇಲೆ ಕುದುರೆ ಆಟ ಆಡಿದಾಗಲೂ ಇಲ್ಲ. ಅವಳು ಹಾಡಿದರೆ ಮಾತ್ರ. ಹಾಡು ನಿಂತ ಕೂಡಲೇ ಗುದ್ದೂ ನಿಲ್ಲುತ್ತಿತ್ತು. ಹೊಟ್ಟೆಕಿಚ್ಚಿಗೆ ಇದಕ್ಕಿಂತ ಬೇರೆ ಗುರುತು ಬೇಕೆ?

ಒಮ್ಮೆ ಮೇಲೆ ಬಂದಿದ್ದ. ಸೊಟ್ಟಗಾದ ಬೆರಳೊಂದನ್ನು ಅವಳ ಮುಖದೆದುರು ಎತ್ತಿ ಏನೋ ಹೇಳಲು ಹೊರಟ. ಅವಳು ರಪ್ಪನೆ ಬಾಗಿಲು ಹಾಕಿಕೊಂಡಳು. ಅಂದಿನಿಂದ ಮೆಟ್ಟಿಲಲ್ಲಿ ಎದುರಾದರೆ ಇಬ್ಬರೂ ಗೋಡೆ ನೋಡಿಕೊಂಡು ಹೋಗುತ್ತಿದ್ದರು.

ಅವಳಿಗೆ ಇದು ಆಟವಲ್ಲ. ಸಾಮಾನು ಕೋಣೆ ಖಾಲಿ ಮಾಡಿ, ಅತ್ತೆಯ ಹಳೆಯ ರಜಾಯಿಗಳನ್ನು ಮೊಳೆಯಿಂದ ಗೋಡೆಗೆ ಹೊಡೆದು, ಅದಕ್ಕೆ ಸ್ಟುಡಿಯೋ ಎಂದು ಹೆಸರಿಟ್ಟಿದ್ದಳು. ಮಕ್ಕಳ ಹಾಡುಗಳ ಕಂಪನಿಯೊಂದಕ್ಕೆ ಫೋನಿನಲ್ಲೇ ರೆಕಾರ್ಡ್ ಮಾಡಿ ಎರಡು ಸಲ ಕಳಿಸಿದ್ದಳು. ಎರಡು ಸಲವೂ "ಇನ್ನೂ ಸಿದ್ಧವಾಗಿಲ್ಲ" ಎಂಬ ಒಂದೇ ಸಾಲಿನ ಉತ್ತರ. ಆ ಗುದ್ದಿನ ನಡುವೆ ಯಾರ ಹಾಡು ತಾನೇ ಸಿದ್ಧವಾದೀತು? ಮೂರನೆಯದು ಸೋಮವಾರ ಹೋಗಬೇಕು. ನಾಲ್ಕನೇ ಅವಕಾಶವಿಲ್ಲ ಎಂದು ಕಂಪನಿ ಹೇಳಿಬಿಟ್ಟಿತ್ತು. ಇದೂ ಕೈತಪ್ಪಿದರೆ ರಜಾಯಿಗಳು ಅತ್ತೆಯ ಮಂಚಕ್ಕೆ ವಾಪಸ್ಸು.

ಅಂಗಡಿಯವನು ಮೇಲಿನ ಕಪಾಟಿನಿಂದ ದೊಡ್ಡದೊಂದನ್ನು ಇಳಿಸಿದ. ಎಂಟು ಚಾನೆಲ್, ಎಂದರೆ ಎಂಟು ಮೈಕಿಗೆ ಎಂಟು ದಾರಿ. ಒಂದೊಂದಕ್ಕೂ ಮೇಲೆ ಕೆಳಗೆ ಜಾರುವ ಗುಂಡಿ. ಒಂದೊಂದೂ ಬೇರೆಯಾಗಿಯೇ ದಾಖಲಾಗುತ್ತದೆ. ಅವಳು ಹೆಡ್‌ಫೋನ್ ಹಾಕಿಕೊಂಡು ಎಲ್ಲ ಗುಂಡಿಗಳನ್ನೂ ಜಾರಿಸಿ ನೋಡಿದಳು.

"ಎರಡನೇದು ಗೊರಗೊರ ಅಂತಿದೆ. ಬೇರೆ ಪೀಸ್ ಕೊಡಿ."

ಅವನು ಹಲ್ಲು ಕಚ್ಚಿಕೊಂಡು ಹೊಸ ಡಬ್ಬ ಬಿಚ್ಚಿದ. "ಟಿಕ್ ಟಿಕ್ ಅಂತ ತಾಳ ತೋರಿಸೋ ಮೆಟ್ರೊನೋಮ್ ಒಂದು ಹಾಕ್ಲಾ? ಹೊಸಬರಿಗೆ ಒಳ್ಳೇದು."

"ಹೊಸದು ಮಿಕ್ಸರ್ರು," ಎಂದಳು. "ನಾನಲ್ಲ."

ಮನೆಗೆ ಬಂದವಳೇ ಒಂದು ಮೈಕನ್ನು ಬಾಯಿಯ ಮಟ್ಟಕ್ಕೆ, ಇನ್ನೊಂದನ್ನು ನೆಲಕ್ಕೆ ಮುಖ ಮಾಡಿ ನಿಲ್ಲಿಸಿದಳು. ಹಾಡತೊಡಗಿದಳು. ಇಲಿ ಬೋನಿಗೆ ಬಿತ್ತು. ಧಬ್. ಧಬ್. ಎರಡನೇ ಚಾನೆಲ್ಲಿನ ದೀಪ ಗುದ್ದು ಗುದ್ದಿಗೂ ಕೆಂಪಾಯಿತು. ಆ ಸದ್ದು ಕೇಳಿ ಅವಳಿಗೆ ಖುಷಿಯಾದದ್ದು ಅದೇ ಮೊದಲು. ತಾನು ಹಾಡಿದ್ದನ್ನು ತಿರುಗಿ ಕೇಳುವ ಅಭ್ಯಾಸ ಅವಳಿಗೆ ಎಂದೂ ಇರಲಿಲ್ಲ. ಈಗಲೂ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಕಟ್ಟಡದ ಸಂಘದ ಸಭೆ. ಅವಳ ಅರ್ಜಿ ಒಂದೇ: ಕೆಳಮನೆ ಖಾಲಿ ಮಾಡಿಸಬೇಕು. ಲ್ಯಾಪ್‌ಟಾಪ್, ಸ್ಪೀಕರಿನ ಜೊತೆ ಮಿಕ್ಸರನ್ನೂ ತಂದು ಮೇಜಿನ ಮೇಲಿಟ್ಟಳು.

"ಮಿಕ್ಸಿ ಯಾಕಮ್ಮ ತಂದಿದ್ದೀರಿ?" ಎಂದ ಕಾರ್ಯದರ್ಶಿ. ಅವಳ ಮುಖ ನೋಡಿ ಗಂಟಲು ಸರಿಮಾಡಿಕೊಂಡು ಪೊರಕೆ ತಾತನ ಕಡೆ ತಿರುಗಿದ. "ನೀವು ಗುದ್ದೋದು ನಿಜವಾ?"

"ನಿಜ."

"ಯಾಕೆ?"

"ಆ ಹಾಡು ಸಹಿಸೋಕಾಗಲ್ಲ. ಅದಕ್ಕೆ."

"ಕೇಳಿದ್ರಲ್ಲ? ಅವರ ಬಾಯಿಂದಲೇ ಬಂತು," ಎಂದಳು ಅವಳು. "ಈಗ ಸಾಕ್ಷಿ ಕೇಳಿ."

ಮೊದಲು ತನ್ನ ಚಾನೆಲ್ ಮಾತ್ರ ಏರಿಸಿದಳು, ಹಾಡು ಎಷ್ಟು ಚೆನ್ನಾಗಿದೆ ಎಂದು ಗೊತ್ತಾಗಲಿ ಎಂದು. ಸಭೆ ಸುಮ್ಮನೆ ಕೇಳಿತು. ಯಾರೋ ಆಕಳಿಸಿದರು. ಕಾರ್ಯದರ್ಶಿ ಗಡಿಯಾರ ನೋಡಿದ.

ಅವಳು ಮತ್ತೆ ಮೊದಲಿನಿಂದ ಶುರುಮಾಡಿ ಎರಡನೇ ಗುಂಡಿಯನ್ನು ಕೊನೆಯವರೆಗೆ ದೂಡಿದಳು. ಧಬ್. ಧಬ್. ಧಬ್. ಒಬ್ಬೊಬ್ಬರ ಮುಖವನ್ನೇ ನೋಡಿದಳು. ಕಾರ್ಯದರ್ಶಿಯ ಬೆರಳು ಮೇಜು ಬಡಿಯತೊಡಗಿತ್ತು. ಸಿಟ್ಟು ಬಂತು, ಕೆಲಸ ಆಯಿತು ಎಂದುಕೊಂಡಳು. ಹಿಂದಿನ ಸಾಲಿನ ಹೆಂಗಸಿನ ಪಾದವೂ ನೆಲ ಬಡಿಯುತ್ತಿತ್ತು. ಆ ಹೆಂಗಸಿನ ಮಡಿಲಲ್ಲಿದ್ದ ಮಗು ಚಪ್ಪಾಳೆ ತಟ್ಟುತ್ತಿತ್ತು.

ಹಾಡಿನ ಮೂರನೇ ಸಾಲು ಬಂತು. ಹಾಡು ಇದ್ದಕ್ಕಿದ್ದಂತೆ ಬಿರಬಿರನೆ ಮುಂದೆ ಹೋಯಿತು. ಬೆರಳಾಗಲಿ, ಪಾದವಾಗಲಿ, ಚಪ್ಪಾಳೆಯಾಗಲಿ ಅದರ ಹಿಂದೆ ಹೋಗಲಿಲ್ಲ. ಎಲ್ಲವೂ ಪೊರಕೆಯ ಜೊತೆಗೇ ಉಳಿದವು. ಅವಳ ಕೈ ಗುಂಡಿಯ ಮೇಲೆ ಇದ್ದಲ್ಲೇ ಇತ್ತು.

"ಮೂರನೇ ಸಾಲು," ಎಂದ, ಬೆರಳು ಸೊಟ್ಟಗಾಗುವವರೆಗೂ ಮೂವತ್ತು ವರ್ಷ ವಾದ್ಯಗೋಷ್ಠಿಯಲ್ಲಿ ಡ್ರಮ್ ಬಾರಿಸಿದ್ದ ಪೊರಕೆ ತಾತ. "ಎಂಟು ತಿಂಗಳಿಂದ ಅಲ್ಲೇ ಓಡ್ತಿದ್ದೀಯ, ತಾಳ ಹಾಕಿ ಹಾಕಿ ನನ್ನ ಸೀಲಿಂಗ್ ತೂತು ಬಿತ್ತು. ಇವತ್ತಾದ್ರೂ ಕೇಳಿಸ್ತೇನಮ್ಮ?"